ಕೈ ಜೋಮಿಗೆ ಕುತ್ತಿಗೆ ನೆಟಿಗೆ ತೆಗೆಸ್ಕೋಬೇಕಾ? ಕೈರೋಪ್ರಾಕ್ಟರ್ ಹತ್ರ ಹೋದೋರು ಹೇಳಿ

ಕೊಬ್ಬರಿಸೀಮೆ:

ನಮಸ್ಕಾರ. ನಾನು ತಿಪಟೂರಿನವಳು, ಈಗ ಇರೋದು ಅಮೆರಿಕದ ಅಯೋವಾದಲ್ಲಿ, ಬೆಟೆನ್‌ಡಾರ್ಫ್ ಅನ್ನೋ ಊರು. ನಮ್ಮೆಜಮಾನ್ರಿಗೆ ನದಿಯಾಚೆ ಮೋಲೀನ್‌ನಲ್ಲಿ ಟ್ರ್ಯಾಕ್ಟರ್ ಕಂಪನಿ ಕೆಲಸ. ನಾನು ಮನೇಲೇ ಕೂತು ಮೆಡಿಕಲ್ ಕೋಡಿಂಗ್ ಮಾಡ್ತೀನಿ. ವಯಸ್ಸು ನಲವತ್ತೊಂದು. ಶುಗರ್ ಇಲ್ಲ. ಅಮ್ಮನಿಗೆ ಥೈರಾಯ್ಡ್ ಇದೆ, ನಂದು ಈಚೆಗೆ ಯಾರೂ ನೋಡಿಲ್ಲ.

ತೊಂದರೆ ಬಲಗೈದು. ಹೋದ ಚಳಿಗಾಲದಲ್ಲಿ ಶುರುವಾಯ್ತು. ರಾತ್ರಿ ಎರಡು ಮೂರು ಗಂಟೆ ಹೊತ್ತಿಗೆ ಕೈ ಉರಿದು ಎಚ್ಚರ ಆಗತ್ತೆ, ಹಾಸಿಗೆ ಪಕ್ಕಕ್ಕೆ ಇಳಿಬಿಟ್ಟು ಜಾಡಿಸಿದ್ರೆ ಸಮಾಧಾನ. ಹಗಲಲ್ಲಿ ಸೇತುವೆ ದಾಟೋವಾಗ ಸ್ಟೀರಿಂಗ್ ಹಿಡಿದ ಕೈ ಜೋಮು ಹಿಡಿಯತ್ತೆ. ಫೋನ್ ಹಿಡ್ಕೊಂಡು ಅಮ್ಮನ ಜೊತೆ ಮಾತಾಡಿದ್ರೆ ಅರ್ಧದಲ್ಲೇ ಕೈ ಬದಲಾಯಿಸಬೇಕು. ಮಣಿಕಟ್ಟು ನೋಯತ್ತೆ, ಒಂದೊಂದ್ಸಲ ಮೊಣಕೈವರೆಗೂ ಎಳೆಯತ್ತೆ. ಮೊನ್ನೆ ತೆಂಗಿನಕಾಯಿ ತುರೀವಾಗ ಹೋಳು ಕೈಯಿಂದ ಜಾರಿ ಹೋಯ್ತು. ತಿಪಟೂರಿನವಳ ಕೈಯಿಂದ ಕಾಯಿ ಜಾರೋದು ಅಂದ್ರೆ ಏನು ಹೇಳ್ಲಿ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಪಕ್ಕದ ಊರು ಡ್ಯಾವನ್‌ಪೋರ್ಟ್. ಕೈರೋಪ್ರಾಕ್ಟಿಕ್ ಅನ್ನೋದು, ಅಂದ್ರೆ ಕೈಯಿಂದ ಬೆನ್ನುಮೂಳೆ, ಕುತ್ತಿಗೆ ಒತ್ತಿ ತಿರುವಿ ಮಾಡೋ ಚಿಕಿತ್ಸೆ, ಹುಟ್ಟಿದ್ದೇ ಅಲ್ಲಿ, 1895ರಲ್ಲಿ. ಡಿ.ಡಿ. ಪಾಮರ್ ಅನ್ನೋರು ಹಾರ್ವೀ ಲಿಲ್ಲಾರ್ಡ್ ಅನ್ನೋ ಕಿವಿ ಕೇಳದವರ ಬೆನ್ನು ಒತ್ತಿದ್ರಂತೆ, ಕಿವಿ ಕೇಳ್ತಂತೆ. ಅವರ ಕಾಲೇಜು ಈಗಲೂ ಬ್ರೇಡಿ ಸ್ಟ್ರೀಟಲ್ಲಿದೆ. ಹಂಗಾಗಿ ಇಲ್ಲಿ ತಿರುಗಿದ ಕಡೆಯೆಲ್ಲಾ ಕೈರೋಪ್ರಾಕ್ಟರ್ ಬೋರ್ಡು, ಬೆಂಗಳೂರಲ್ಲಿ ಪುತ್ತೂರು ಕಟ್ಟು ಬೋರ್ಡ್ ಕಾಣೋ ಹಂಗೆ. ಪಕ್ಕದ ಮನೆಯಾಕೆ ಬಲವಂತ ಮಾಡಿ ತನ್ನ ಕೈರೋಪ್ರಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಹೆಸರು ಬೇಡ. ಆತ ಕೈ ಮುಟ್ಟಿದ್ದು ಅರ್ಧ ನಿಮಿಷ ಇರಬಹುದು. ಕುತ್ತಿಗೆ ಎಕ್ಸ್‌ರೇ ತೆಗೆಸಿ, ನೋಡಿ ನಿಮ್ಮ ಕತ್ತಿನ ಬಾಗು ನೆಟ್ಟಗಾಗಿದೆ, ಕೈಗೆ ಬರೋ ನರ ಇಲ್ಲೇ ಸಿಕ್ಕಿಹಾಕ್ಕೊಂಡಿದೆ ಅಂದ್ರು. ವಾರಕ್ಕೆ ಎರಡು ಸಲದ ಹಂಗೆ ಮೂರು ತಿಂಗಳ ಪ್ಯಾಕೇಜು, ದುಡ್ಡು ಮೊದಲೇ ಕಟ್ಟಿದ್ರೆ ರಿಯಾಯಿತಿ. ಇನ್ನೂ ಕಟ್ಟಿಲ್ಲ.

ಡಾಕ್ಟರ್ ಹತ್ರ ಹೋದ್ರೆ ನರದ ಟೆಸ್ಟು ಅಂತಾರೆ, ನಮ್ಮ ಇನ್ಶೂರೆನ್ಸ್ ಡಿಡಕ್ಟಬಲ್, ಅಂದ್ರೆ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಇನ್ನೂ ಮುಗಿದಿಲ್ಲ, ಪೂರ್ತಿ ನಮ್ಮ ಜೇಬಿಂದಲೇ ಹೋಗತ್ತೆ. ಅಮ್ಮ ಫೋನಲ್ಲಿ, ನರ ಹೊರಳಿದೆ ಕಣೇ, ಹರಳೆಣ್ಣೆ ಬಿಸಿ ಮಾಡಿ ನೀವಿಸ್ಕೋ ಅಂತಾರೆ. ನಮ್ಮೆಜಮಾನ್ರು ಸೊಂಟನೋವಿಗೆ ಬೇರೊಬ್ಬ ಕೈರೋಪ್ರಾಕ್ಟರ್ ಹತ್ರ ಹೋಗಿ ಆರಾಮಾಗಿದ್ದಾರೆ, ಅದಕ್ಕೆ ಅವರಿಗೆ ಅನುಮಾನವೇ ಇಲ್ಲ. ನನಗೆ ಕುತ್ತಿಗೆ ಟಕ್ ಅನ್ನಿಸೋದು ಅಂದ್ರೇನೇ ಎದೆ ಢವಢವ. ಕೈ ನೋವಿಗೆ ಕುತ್ತಿಗೆಗೆ ಯಾಕೆ ಕೈ ಹಾಕಬೇಕು? ಯಾರಾದ್ರೂ ತಿಳಿದೋರು ಹೇಳಿ.


ಸಿಲ್ಕ್‌ಬೋರ್ಡ್ ಸಂತ್ರಸ್ತ:

ಮೇಡಂ ಧೈರ್ಯವಾಗಿ ಹೋಗಿ. ನಾನು ಬೆಂಗಳೂರಲ್ಲೇ ಒಬ್ಬರ ಹತ್ರ ಹೋಗಿದ್ದೆ, ಯೂಟ್ಯೂಬ್‌ನಲ್ಲಿ ಬರ್ತಾರಲ್ಲ ಆ ಥರದವರು. ಎರಡು ವರ್ಷದಿಂದ ಕತ್ತು ಹಿಡ್ಕೊಂಡಿತ್ತು, ಟಕ ಟಕ ಟಕ ಅಂತ ಮೂರು ಶಬ್ದ, ಎದ್ದಾಗ ತಲೆಯೇ ಹಗುರ. ಹಿಂದೆ ನಮ್ಮೂರ ಕ್ಷೌರದಂಗಡೀಲಿ ತಲೆ ಮಸಾಜ್ ಮಾಡಿ ಕೊನೇಗೆ ನೆಟಿಗೆ ತೆಗೀತಿದ್ರಲ್ಲ, ಅದೇ, ಏಸಿ ರೂಮಲ್ಲಿ. ನಂಗೆ ಕೈ ಜೋಮು ಇರಲಿಲ್ಲ ಅನ್ನೋದು ನಿಜ.


ಬೆನ್ನುಹುರಿ ಮೈಸೂರು:

ನಾನು ಮೈಸೂರಿನವನು, ಡ್ಯಾವನ್‌ಪೋರ್ಟ್‌ನಲ್ಲೇ ಓದಿ ಈಗ ಕ್ಯಾಲಿಫೋರ್ನಿಯಾದಲ್ಲಿ ಕೈರೋಪ್ರಾಕ್ಟರ್ ಆಗಿದ್ದೀನಿ. ನಮ್ಮ ವೃತ್ತಿಯ ಬಗ್ಗೆ ಇಲ್ಲಿ ಬೈಗುಳ ಶುರುವಾಗೋ ಮುಂಚೆ ಎರಡು ಮಾತು.

ಮೊದಲನೇದು, ಲಿಲ್ಲಾರ್ಡ್ ಕಥೆ ನಂಬಿ ನಾವ್ಯಾರೂ ಚಿಕಿತ್ಸೆ ಮಾಡಲ್ಲ. ಕಿವಿಯ ನರ ಬೆನ್ನುಮೂಳೆ ಮೂಲಕ ಹೋಗೋದೇ ಇಲ್ಲ ಅಂತ ನಮಗೂ ಗೊತ್ತು. ಇಲ್ಲಿ ಐವತ್ತೂ ರಾಜ್ಯಗಳಲ್ಲಿ ನಮಗೆ ಲೈಸೆನ್ಸ್ ಇದೆ, ಅಂಗರಚನೆ, ನರಪರೀಕ್ಷೆ ಎಲ್ಲಾ ಓದಿಯೇ ಬಂದಿರ್ತೀವಿ.

ಎರಡನೇದು, ಕೈ ಜೋಮಿಗೆ ಕುತ್ತಿಗೆ ನೋಡೋದು ತಪ್ಪಲ್ಲ. ಕತ್ತಿನ ಆರನೇ ನರದ ಬೇರು ಒತ್ತಿದ್ರೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯತ್ತೆ, ಏಳನೇದಾದ್ರೆ ನಡುಬೆರಳು. ಮಣಿಕಟ್ಟಲ್ಲಿ ನರ ಒತ್ತಿದ್ರೂ ಅವೇ ಬೆರಳು. 1973ರಲ್ಲಿ ಅಪ್ಟನ್ ಮತ್ತು ಮೆಕೋಮಸ್ ಅನ್ನೋ ಇಬ್ಬರು, ಒಂದೇ ನರ ಎರಡು ಕಡೆ ಒತ್ತಡಕ್ಕೆ ಸಿಕ್ಕಬಹುದು ಅಂತ ಲ್ಯಾನ್ಸೆಟ್ ಪತ್ರಿಕೇಲಿ ಬರೆದಿದ್ದರು. ಅದನ್ನ ಒಪ್ಪೋರೂ ಇದ್ದಾರೆ, ಒಪ್ಪದೋರೂ ಇದ್ದಾರೆ. ಇನ್ನು 1998ರಲ್ಲಿ 91 ಜನರ ಮೇಲೆ ಒಂದು ಪ್ರಯೋಗ ಆಯ್ತು, ಕಾರ್ಪಲ್ ಟನಲ್, ಅಂದ್ರೆ ಮಣಿಕಟ್ಟಲ್ಲಿ ನರ ಒತ್ತೋ ತೊಂದರೆ, ಇದ್ದೋರಲ್ಲಿ ಒಂದು ಗುಂಪಿಗೆ ಕೈರೋಪ್ರಾಕ್ಟಿಕ್, ಇನ್ನೊಂದಕ್ಕೆ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ. ಎರಡೂ ಗುಂಪು ಸುಧಾರಿಸ್ತು, ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಸ್ಪೇನ್‌ನಲ್ಲಿ 120 ಹೆಂಗಸರ ಮೇಲೆ ಕೈಚಿಕಿತ್ಸೆಯನ್ನ ಆಪರೇಷನ್ ಜೊತೆ ಹೋಲಿಸಿ ನೋಡಿದ್ರು, 2015ರಲ್ಲಿ ಪ್ರಕಟ ಆಗಿದೆ. ವರ್ಷ ತುಂಬೋ ಹೊತ್ತಿಗೆ ಎರಡೂ ಗುಂಪು ಸಮಸಮ. ಆದ್ರಿಂದ ಕೈಯಿಂದ ಮಾಡೋ ಚಿಕಿತ್ಸೆ ಅಂದ್ರೆ ಬರೀ ಢೋಂಗಿ ಅನ್ನಬೇಡಿ.

ಆದ್ರೆ ಕೈ ಸರಿಯಾಗಿ ಪರೀಕ್ಷೆ ಮಾಡದೆ ಮೂರು ತಿಂಗಳ ದುಡ್ಡು ಮುಂಗಡ ಕೇಳಿದ್ದು ನನಗೂ ಸರಿ ಕಾಣಲಿಲ್ಲ. ಮೆಡಿಕೇರ್, ಅಂದ್ರೆ ಇಲ್ಲಿ ವಯಸ್ಸಾದೋರಿಗಿರೋ ಸರ್ಕಾರಿ ವಿಮೆ, ಅದು ಕೂಡ ನಮ್ಮ ಕೆಲಸದಲ್ಲಿ ಬೆನ್ನುಮೂಳೆಗೆ ಮಾತ್ರ ದುಡ್ಡು ಕೊಡೋದು, ಮಣಿಕಟ್ಟಿಗೆ ಕೊಡಲ್ಲ. ಕೆಲವರು ಎಲ್ಲಾ ನೋವನ್ನೂ ಬೆನ್ನುಮೂಳೆಗೇ ತಂದು ನಿಲ್ಲಿಸೋದಕ್ಕೆ ಅದೂ ಒಂದು ಕಾರಣ ಅಂತ ನನ್ನ ಗುಮಾನಿ.


ಹುಬ್ಬಳ್ಳಿ ಫಿಸಿಯೋ:

ಅಕ್ಕಾರ, ನಾ ಹುಬ್ಬಳ್ಳ್ಯಾಗ ಫಿಸಿಯೋಥೆರಪಿಸ್ಟ್ ಅದೀನ್ರಿ. ನನ್ ಕಡೆ ಬರೋ ಕೈ ಅಂದ್ರ ರೊಟ್ಟಿ ಬಡಿಯೋ ಹೆಣ್ಮಕ್ಕಳದ್ದು, ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಮುರಿಯೋರದ್ದು, ಬಸ್ ಡ್ರೈವರ್ ಮಂದೀದು. ನಿಮ್ಮ ಕೈ ನಾ ಮುಟ್ಟಿ ನೋಡಿಲ್ಲ, ಅದಕ್ಕ ಹಿಂಗ ಅಂತ ಖಡಾಖಂಡಿತ ಹೇಳೂದಿಲ್ಲ. ಆದ್ರ ನೀವು ಒಂದು ಮಾತು ಬರದೀರಿ, ರಾತ್ರಿ ಎದ್ದು ಕೈ ಜಾಡಿಸಿದ್ರ ಆರಾಮ ಅಂತ. ಅದು ಮಣಿಕಟ್ಟಿನ ನರದ ಮಂದಿ ಹೇಳೋ ಮಾತರಿ. ಕುತ್ತಿಗಿ ನರದ ಮಂದಿ ಬ್ಯಾರೆ ಹೇಳತಾರ, ಗೋಣು ಹೊಳ್ಳಿಸಿದ್ರ ಕರೆಂಟ್ ಹೊಡದಂಗ ಭುಜದಿಂದ ಕೈಗೆ ಇಳಿತೈತಿ ಅಂತಾರ.

ಮೊದಲ ಯಾವ ಬೆರಳು ಅಂತ ಹೇಳ್ರಿ. ನೀವು ಅದನ್ನ ಬರದ ಇಲ್ಲ, ಆ ಕೈರೋಪ್ರಾಕ್ಟರೂ ಕೇಳಿಲ್ಲ ಅನಸ್ತೈತಿ. ಅಂಗೈ ಬುಡದಾಗ ಎಂಟು ಸಣ್ಣ ಎಲುಬು ಸೇರಿ ಒಂದು ಹಳ್ಳ ಮಾಡ್ಯಾವ, ಅದರ ಮ್ಯಾಲ ಗಟ್ಟಿ ಪಟ್ಟಿ. ಆ ಸಂದಿಯೊಳಗ ಬೆರಳು ಮಡಚೋ ಒಂಬತ್ತು ಸ್ನಾಯುರಜ್ಜು, ಜೋಡಿಗೆ ಮೀಡಿಯನ್ ನರ ಒಂದು. ಜಾಗಾ ಕಡಿಮಿ ಆದ್ರ ಮೊದಲು ಬಡವಾಗೂದು ನರ. ಅದು ಒತ್ತಿದ್ರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಜೋಮು ಹಿಡಿತಾವು. ಕಿರುಬೆರಳು ಉಳ್ಕೋತೈತಿ. ಅಂಗೈ ನಡುವಿನ ಚರ್ಮಾನೂ ಸಾಮಾನ್ಯ ಉಳ್ಕೋತೈತಿ, ಯಾಕಂದ್ರ ಅಲ್ಲಿಗೆ ಹೋಗೋ ಟೊಂಗಿ ಸಂದಿಯೊಳಗ ಹೊಕ್ಕೂದಿಲ್ಲ, ಮ್ಯಾಲಿಂದ ಹೋಗತೈತಿ. ಕಿರುಬೆರಳ ಜೋಮು ಆದ್ರ ಅದು ಬ್ಯಾರೆ ನರ, ಮೊಣಕೈ ನೋಡಬೇಕು. ಜೋಮಿಲ್ಲದ ಹೆಬ್ಬೆರಳ ಬುಡದಾಗ ಅಷ್ಟ ನೋವು ಅಂದ್ರ ಅದು ನರಾನ ಅಲ್ಲ, ಕೂಸು ಎತ್ತೋ ಬಾಣಂತ್ಯಾರಿಗೆ ಬರೋ ಡಿ ಕ್ವರ್ವೇನ್ ಅನ್ನೋ ಸ್ನಾಯುರಜ್ಜಿನ ಬಾವು ಇರಬಹುದು.

ಮನ್ಯಾಗ ಒಂದು ನೋಡ್ರಿ. ಎರಡೂ ಮುಂಗೈ ಒಂದಕ್ಕೊಂದು ಹಚ್ಚಿ, ಬೆರಳು ಕೆಳಗ ಮಾಡಿ, ಒಂದು ನಿಮಿಷ ಹಂಗ ಹಿಡೀರಿ. ಅವೇ ಬೆರಳಿಗೆ ಜೋಮು ಬಂದ್ರ ಸಂಶಯ ಗಟ್ಟಿ ಆಗತೈತಿ. ಬರಲಿಲ್ಲ ಅಂದ್ರ ರೋಗ ಇಲ್ಲ ಅಂತ ಅಲ್ಲ.

ಆ ಎಕ್ಸ್‌ರೇ ಬಗ್ಗೆ. ಗೋಣಿನ ಬಾಗು ನೆಟ್ಟಗಾಗೂದು ಏನೂ ನೋವಿಲ್ಲದ ಮಂದ್ಯಾಗೂ ಕಾಣತೈತಿ. ಎಕ್ಸ್‌ರೇದಾಗ ಎಲುಬು ಕಾಣತಾವ, ನರ ಕಾಣೂದಿಲ್ರಿ. ನರ ಇಲ್ಲೇ ಸಿಕ್ಕೊಂಡೈತಿ ಅಂತ ಅದನ್ನ ತೋರಿಸಿ ಹೇಳಿದ್ರ ಅದು ವ್ಯಾಪಾರದ ಮಾತು.

ಮೈಸೂರು ಸರ್ ಹೇಳಿದ ಎರಡೂ ಪ್ರಯೋಗದ ವರದಿ ನಾನೂ ಓದೀನಿ. ಖರೇನ ಹೇಳ್ಯಾರ, ಆದ್ರ ಅರ್ಧ. 91 ಮಂದಿ ಪ್ರಯೋಗದಾಗ ಎರಡೂ ಗುಂಪಿಗೆ ರಾತ್ರಿ ಮಣಿಕಟ್ಟಿಗೆ ಪಟ್ಟಿ, ಸ್ಪ್ಲಿಂಟ್ ಅಂತಾರಲ್ಲ ಅದನ್ನ, ಕಟ್ಟಿಸಿದ್ರು. ಎರಡೂ ಕಡೆ ಆರಾಮ ಆತು ಅಂದ್ರ ಪಟ್ಟಿದು ಎಷ್ಟು, ಕೈಚಿಕಿತ್ಸಾದ್ದು ಎಷ್ಟು? ಏನೂ ಮಾಡದ ಮೂರನೇ ಗುಂಪು ಅದರಾಗ ಇರಲಿಲ್ಲ. ಇನ್ನ ಸ್ಪೇನ್‌ದ್ದು. ಅದನ್ನ ಮಾಡಿದವರು ಫಿಸಿಯೋಗಳು, ನರ ಬರೋ ದಾರಿ ಗುಂಟ ಮೆತ್ತಗ ಸಡಿಲ ಮಾಡೋದು, ನರ ಸರಿದಾಡಿಸೋದು, ಆ ನಮೂನಿ. ಅದಕ್ಕಿಂತ ಮುಖ್ಯ, ಅವರು ಕೊಟ್ಟಿದ್ದು ಮೂರ ಸಲದ ಚಿಕಿತ್ಸಾ. ಮೂರು ತಿಂಗಳ ಅಲ್ರಿ, ಮೂರು ಸಲ.

ಟಕ್ ಶಬ್ದಕ್ಕ ಅಂಜೂದು ಬ್ಯಾಡ, ಮೆಚ್ಚೂದೂ ಬ್ಯಾಡ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಾಗ ಎಂಆರ್‌ಐ ಒಳಗ ಬೆರಳು ಎಳದು ನೋಡಿದ್ರು. ಕೀಲಿನ ನೀರಿನ್ಯಾಗ ಗಾಳಿ ಗುಳ್ಳಿ ಏಳೋ ಹೊತ್ತಿಗೆ ಶಬ್ದ. ಎಲುಬು ಜಾಗಕ್ಕ ಕುಂತ ಶಬ್ದ ಅಲ್ಲ ಅದು. ಆದ್ರ ಗೋಣು ಜೋರಾಗಿ ತಿರುವಿದಾಗ ಮೆದುಳಿಗೆ ಹೋಗೋ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಿದ್ದು ವೈದ್ಯಕೀಯ ಪತ್ರಿಕ್ಯಾಗ ಬಂದೈತಿ. ಭಾಳ ಅಪರೂಪ. ನಾಳ ಮೊದಲ ಹರದು, ಆ ನೋವಿಗೇ ಮಂದಿ ಅವರ ಕಡೆ ಹೋಗಿರತಾರ ಅನ್ನೋ ವಾದಾನೂ ಐತಿ. ಇರಲಿ. ಮಣಿಕಟ್ಟಿನ ರೋಗಕ್ಕ ಆ ಅಪರೂಪದ್ದನ್ನೂ ಯಾಕ ಮೈಮ್ಯಾಲ ಹಾಕ್ಕೋಬೇಕು ಅಂತ ನನ್ನ ಪ್ರಶ್ನೆ. ನಮ್ಮ ಕಡೆ ಅಂತೂ ಕೈರೋಪ್ರಾಕ್ಟಿಕ್‌ಗೆ ಅಂತ ಕಾನೂನಿನ ಕೌನ್ಸಿಲ್ಲೂ ಇಲ್ಲ, ಯಾರು ಏನು ಕಲತಾರ ಅಂತ ಪೇಷಂಟೇ ಕೇಳ್ಕೋಬೇಕು.

ನೀವು ಇವತ್ತ ಮಾಡೂದು: ಔಷಧಿ ಅಂಗಡ್ಯಾಗ ರಿಸ್ಟ್ ಸ್ಪ್ಲಿಂಟ್ ತಗೋರಿ. ಒಳಗಿನ ಲೋಹದ ಪಟ್ಟಿ ಹಿಂದಕ್ಕ ಬಾಗಿಸಿ ಕೊಟ್ಟಿರತಾರ, ಅದನ್ನ ಹೊರಗ ತಗದು ನೆಟ್ಟಗ ಮಾಡಿ ಮತ್ತ ಹಾಕ್ರಿ. ಮಣಿಕಟ್ಟು ಮುಂದಕ್ಕ ಬಾಗಿದ್ರೂ ಹಿಂದಕ್ಕ ಬಾಗಿದ್ರೂ ಸಂದಿಯೊಳಗ ಒತ್ತಡ ಏರತೈತಿ. ರಾತ್ರಿ ಅಷ್ಟ ಹಾಕ್ಕೊಂಡು ಮಲಗ್ರಿ, ಆರು ವಾರ. ಥೈರಾಯ್ಡ್ ಮತ್ತ ಸಕ್ಕರಿ ರಕ್ತ ಪರೀಕ್ಷಾ ಮಾಡಸ್ರಿ. ಕಾಯಿ ಜಾರಿತು ಅಂದ್ರಲ್ಲ, ಅದೊಂದು ನನಗ ಸರಿ ಅನಸ್ಲಿಲ್ಲ. ಎರಡೂ ಅಂಗೈ ಬಾಜೂ ಬಾಜೂ ಇಟ್ಟು ಹೆಬ್ಬೆರಳ ಬುಡದ ದಿಬ್ಬ ನೋಡ್ರಿ, ಬಲಗಡೆ ಇಳಿದೈತೇನು? ಇಳಿದಿದ್ರ ರೊಕ್ಕದ ವಿಚಾರ ಬಿಟ್ಟು ನರದ ಟೆಸ್ಟ್ ಮಾಡಸ್ರಿ.


ಕೊಬ್ಬರಿಸೀಮೆ:

ಇಷ್ಟೊಂದು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್ ಅಣ್ಣ. ಬೆರಳು ನೀವು ಹೇಳಿದ್ದೇ, ಹೆಬ್ಬೆರಳಿಂದ ನಡುಬೆರಳವರೆಗೆ. ಕಿರುಬೆರಳಿಗೆ ಏನೂ ಇಲ್ಲ. ಮುಂಗೈ ಜೋಡಿಸಿ ಹಿಡಿದೆ, ನಿಮಿಷ ತುಂಬೋ ಮುಂಚೇನೇ ಶುರುವಾಯ್ತು. ದಿಬ್ಬ ಎರಡೂ ಒಂದೇ ಥರ ಕಾಣತ್ತೆ, ನಮ್ಮೆಜಮಾನ್ರೂ ನೋಡಿದ್ರು. ಕೀಬೋರ್ಡ್ ಕೆಲಸದಿಂದಲೇ ಬಂದಿದ್ದಾ? ಕೆಲಸ ಬಿಡೋ ಹಾಗಿಲ್ಲ.


ಹುಬ್ಬಳ್ಳಿ ಫಿಸಿಯೋ:

ಕೀಬೋರ್ಡ್ ಮ್ಯಾಲ ಎಲ್ಲಾರೂ ತಪ್ಪು ಹೊರಸ್ತಾರ, ಪುರಾವೆ ಅಷ್ಟು ಗಟ್ಟಿ ಇಲ್ರಿ. ಜೋರು ಹಾಕಿ ಹಿಡಿಯೋ ಕೆಲಸ, ನಡುಗೋ ಮಷೀನ್ ಹಿಡಿಯೋ ಕೆಲಸ, ಇವಕ್ಕ ಪುರಾವೆ ಜಾಸ್ತಿ. ನಿಮ್ಮ ವಯಸ್ಸಿನ ಹೆಣ್ಮಕ್ಕಳಿಗೆ ಏನೂ ಕಾರಣ ಇಲ್ಲದನೂ ಬರತೈತಿ. ಕೆಲಸ ಬಿಡಬ್ಯಾಡ್ರಿ, ಮೌಸ್ ಎಡಗೈಗೆ ಹಾಕ್ಕೊಂಡು ನೋಡ್ರಿ.


ಹೊಲಿಗೆಯಕ್ಕ ಉಡುಪಿ:

ನಾನು ಎರಡೂ ಕೈ ಆಪರೇಷನ್ ಮಾಡಿಸಿಕೊಂಡವಳು, ಟೈಲರ್. ಹೆದರುವಂಥದ್ದು ಏನೂ ಇಲ್ಲ ಮಾರಾಯ್ರೆ. ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಎಚ್ಚರ ಇರ್ತದೆ, ಕಾಲು ಗಂಟೆಯೊಳಗೆ ಮುಗೀತದೆ. ರಾತ್ರಿ ಉರಿ ಅದೇ ವಾರ ಹೋಯಿತು. ಆದರೆ ಅಂಗೈ ಬುಡ ಊರಿದರೆ ನೋವು, ಅದು ಕೆಲವು ತಿಂಗಳು ಉಂಟು, ಅದನ್ನು ಯಾರೂ ಮೊದಲು ಹೇಳುವುದಿಲ್ಲ. ಬಲಗೈ ತಡವಾಗಿ ಆದದ್ದು, ದಿಬ್ಬ ಇಳಿದ ಮೇಲೆ. ಜೋಮು ಹೋಯಿತು, ದಿಬ್ಬ ಪೂರ್ತಿ ವಾಪಸು ಬರಲಿಲ್ಲ. ಈಗಲೂ ಸೂಜಿಗೆ ದಾರ ಪೋಣಿಸುವುದು ಎಡಗೈಯಲ್ಲೇ. ಫಿಸಿಯೋದವರು ದಿಬ್ಬ ನೋಡಿ ಅಂದದ್ದು ಅದಕ್ಕೇ.


ಕೊಬ್ಬರಿಸೀಮೆ:

ಬರೆಯೋದು ತಡವಾಯ್ತು. ಆಮೇಲೆ ಆಗಿದ್ದು ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಲಿ.

ಪ್ಯಾಕೇಜ್ ಕಟ್ಟಲಿಲ್ಲ. ಆ ಕೈರೋಪ್ರಾಕ್ಟರ್‌ಗೆ ಫೋನ್ ಮಾಡಿ ಎರಡು ವಿಷಯ ಕೇಳಿದೆ. ಮಣಿಕಟ್ಟಿನ ನರ ಅಲ್ಲ, ಕುತ್ತಿಗೇದೇ ಅಂತ ಹೇಗೆ ಗೊತ್ತಾಯ್ತು? ಎಷ್ಟು ಸಲ ಆದ್ಮೇಲೂ ಗುಣ ಕಾಣದಿದ್ರೆ ನಿಲ್ಲಿಸ್ತೀರಿ? ಮೊದಲನೇದಕ್ಕೆ ಎಕ್ಸ್‌ರೇ ಅಂದ್ರು. ಎರಡನೇದಕ್ಕೆ, ದೇಹ ತನ್ನ ಸಮಯ ತಗೊಳತ್ತೆ ಅಂದ್ರು. ಎಕ್ಸ್‌ರೇ ಸೀಡಿ ವಾಪಸ್ ಇಸ್ಕೊಂಡು ಬಂದೆ. ಪಕ್ಕದ ಮನೆಯಾಕೆಗೆ ಸ್ವಲ್ಪ ಮುನಿಸು.

ಸ್ಪ್ಲಿಂಟಿನ ಪಟ್ಟಿ ನಮ್ಮೆಜಮಾನ್ರು ಗ್ಯಾರೇಜಲ್ಲಿ ಇಕ್ಕಳ ಹಿಡಿದು ನೆಟ್ಟಗೆ ಮಾಡಿಕೊಟ್ರು. ಮೊದಲ ಕೆಲವು ರಾತ್ರಿ ಕಿರಿಕಿರಿ, ಆಮೇಲೆ ಅದಿಲ್ಲದೆ ನಿದ್ದೆ ಬರಲ್ಲ ಅನ್ನೋ ಹಾಗಾಯ್ತು. ಈಗ ಬೆಳಗಿನವರೆಗೂ ಮಲಗೋ ದಿನಗಳೇ ಜಾಸ್ತಿ. ಡ್ರೈವ್ ಮಾಡೋವಾಗ ಜೋಮು ಇನ್ನೂ ಬರತ್ತೆ.

ಫ್ಯಾಮಿಲಿ ಡಾಕ್ಟರ್ ನ್ಯೂರಾಲಜಿಗೆ ಬರೆದುಕೊಟ್ರು. ಟೆಸ್ಟು ನಾನು ಅಂದುಕೊಂಡಷ್ಟು ಘೋರ ಅಲ್ಲ. ಚುರ್ ಚುರ್ ಅಂತ ಕರೆಂಟ್ ಕೊಟ್ಟು ನರ ಎಷ್ಟು ಬೇಗ ಸುದ್ದಿ ಮುಟ್ಟಿಸತ್ತೆ ಅಂತ ಅಳೀತಾರೆ, ಆಮೇಲೆ ತೋಳಿಗೂ ಕುತ್ತಿಗೆ ಹತ್ರಾನೂ ಸೂಜಿ. ಬಲಗೈ ಮೀಡಿಯನ್ ನರ ಮಣಿಕಟ್ಟಲ್ಲೇ ನಿಧಾನ, ಮಧ್ಯಮ ಪ್ರಮಾಣ. ಎಡಗೈಯಲ್ಲೂ ಸ್ವಲ್ಪ ಇದೆಯಂತೆ, ನನಗೆ ಅಲ್ಲಿ ಏನೂ ಗೊತ್ತಾಗ್ತಿಲ್ಲ. ಕುತ್ತಿಗೆ ನರಗಳಲ್ಲಿ ದೋಷ ಕಾಣಲಿಲ್ಲ. ಬಿಲ್ಲು ಮಾತ್ರ ಪ್ಯಾಕೇಜಿಗಿಂತ ಏನೂ ಕಮ್ಮಿ ಇಲ್ಲ, ಅದನ್ನೂ ಹೇಳಿಬಿಡ್ತೀನಿ. ಥೈರಾಯ್ಡ್ ರಕ್ತ ಪರೀಕ್ಷೇಲಿ ಟಿಎಸ್‌ಎಚ್ ಜಾಸ್ತಿ ಬಂದಿದೆ, ಇನ್ನೊಂದ್ಸಲ ನೋಡಿ ಮಾತ್ರೆ ಬೇಕಾ ಅಂತ ಹೇಳ್ತಾರೆ.

ಮೈಸೂರಿನವರು ಇಲ್ಲಿ ಮೆಸೇಜ್ ಮಾಡಿ, ಕಾಲೇಜಿನ ಕ್ಲಿನಿಕ್‌ಗೆ ಹೋಗಿ, ಅಲ್ಲಿ ಮೇಷ್ಟ್ರು ನಿಂತು ನೋಡ್ತಾರೆ ಅಂದಿದ್ರು. ಒಳ್ಳೇ ಮಾತೇ. ಕೈಗೆ ಈಗ ಬೇಡ ಅನ್ನಿಸ್ತು. ನಮ್ಮೆಜಮಾನ್ರು ಸೊಂಟಕ್ಕೆ ತಮ್ಮ ಕೈರೋಪ್ರಾಕ್ಟರ್ ಹತ್ರ ಹೋಗೋದು ನಿಲ್ಲಿಸಿಲ್ಲ, ನಾನೂ ಬೇಡ ಅಂದಿಲ್ಲ.

ಈಗ ಒಂದೇ ಪ್ರಶ್ನೆ. ಸ್ಪ್ಲಿಂಟ್ ಸಾಕಾಗದಿದ್ರೆ ಸ್ಟೀರಾಯ್ಡ್ ಇಂಜೆಕ್ಷನ್ ಅಂತಿದ್ದಾರೆ. ತಗೋಬಹುದಾ?


ಬೆನ್ನುಹುರಿ ಮೈಸೂರು:

ಸೂಜಿ ಟೆಸ್ಟಲ್ಲಿ ಕುತ್ತಿಗೆ ಸರಿ ಇದೆ ಅಂದ್ಮೇಲೆ ನನ್ನ ಹತ್ರ ಬಂದಿದ್ರೂ ನಾನು ಕುತ್ತಿಗೆ ಮುಟ್ಟುತ್ತಿರಲಿಲ್ಲ. ಫಿಸಿಯೋ ಅವರು ಹೇಳಿದ ಸ್ಪ್ಲಿಂಟ್ ವಾದ ನ್ಯಾಯವಾದದ್ದೇ. ಆದ್ರೆ ಸ್ಪೇನ್ ಪ್ರಯೋಗದ ಮೂರು ಸಲದ ಚಿಕಿತ್ಸೆಯನ್ನ ಒಳ್ಳೇ ಕೈರೋಪ್ರಾಕ್ಟರ್ ಕೂಡ ಮಾಡಬಲ್ಲ, ಅದು ಒಬ್ಬರ ಸ್ವತ್ತಲ್ಲ.


ಹುಬ್ಬಳ್ಳಿ ಫಿಸಿಯೋ:

ಅದೂ ಖರೆ ಸರ್.

ಅಕ್ಕಾರ, ಇಂಜೆಕ್ಷನ್ ನಿರ್ಧಾರ ನಿಮ್ಮ ಡಾಕ್ಟರದ್ದು. ಓದಿದ್ದು ಹೇಳತೀನಿ. 2018ರಾಗ ಲ್ಯಾನ್ಸೆಟ್‌ನ್ಯಾಗ ಬ್ರಿಟನ್ನಿನ ಒಂದು ಪ್ರಯೋಗ ಬಂತು, 234 ಮಂದಿ, ಅರ್ಧ ಮಂದಿಗೆ ಒಂದು ಇಂಜೆಕ್ಷನ್, ಅರ್ಧ ಮಂದಿಗೆ ರಾತ್ರಿ ಸ್ಪ್ಲಿಂಟ್. ಆರು ವಾರದಾಗ ಇಂಜೆಕ್ಷನ್ ಮುಂದ, ಆರು ತಿಂಗಳಿಗೆ ಇಬ್ಬರೂ ಒಂದ ಕಡೆ. ನಿಮಗ ಸ್ಪ್ಲಿಂಟ್‌ನ್ಯಾಗ ನಿದ್ದಿ ಬರಾಕ್ಹತ್ತೈತಿ, ಗಡಿಬಿಡಿ ಏನಿಲ್ಲ. ಹಾಕಿಸ್ಕೊಂಡ್ರ ಸಕ್ಕರಿ ಇದ್ದೋರಿಗೆ ಕೆಲವು ದಿನ ಸಕ್ಕರಿ ಏರತೈತಿ, ನಿಮಗ ಅದಿಲ್ಲ. ಥೈರಾಯ್ಡ್ ರಿಪೋರ್ಟ್ ಬರೂತನಕ ಕಾಯ್ರಿ. ದಿಬ್ಬ ತಿಂಗಳಿಗೊಮ್ಮೆ ನೋಡ್ಕೋರಿ, ಎಡಗೈದೂ.